ನಾಲ್ಕೆಳೆಯ ತಂತಿ

ಬರೀ ತಾಮ್ರದ್ದೋ, ಬೆಳ್ಳಿ ಲೇಪದ್ದೋ? ತಾಮ್ರದ್ದಾದರೆ ದನಿ ಮೆತ್ತಗಿರುತ್ತದೆ ಎಂದು ಅಂಗಡಿಯ ಪುಟದಲ್ಲಿ ನಾಲ್ಕು ಜನ ಬರೆದಿದ್ದರು. ಬೆಳ್ಳಿಯದಾದರೆ ಸಕಾರ ಶಕಾರಗಳೆಲ್ಲ ಸೂಜಿಯಂತೆ ಚುಚ್ಚುತ್ತವೆ ಎಂದು ಇಬ್ಬರು, ಚುಚ್ಚುವುದಿಲ್ಲ, ಬಿಡಿಸಿಟ್ಟಂತೆ ಕೇಳುತ್ತವೆ ಎಂದು ಮೂವರು. ಒಬ್ಬ ಮಾತ್ರ, ಎಲ್ಲ ತಂತಿಯೂ ಒಂದೇ, ವ್ಯತ್ಯಾಸ ಆಗುವುದು ನಿಮ್ಮ ಜೇಬಿಗೆ, ಎಂದು ಬರೆದು ಉಳಿದವರಿಂದ ಚೆನ್ನಾಗಿ ಬೈಸಿಕೊಂಡಿದ್ದ. ಅವನು ಹೇಳಿದ್ದೇ ನಿಜವಿರಬಹುದೆ? ಇದ್ದರೂ ತಂತಿಯಂತೂ ಬೇಕೇ ಬೇಕು. ಬೇಕು ಅಂದಮೇಲೆ ಎರಡರಲ್ಲಿ ಯಾವುದು?

"ತಟ್ಟೇಲಿರೋದು ಮೊಟ್ಟೆ ಕಣೋ," ಅಂದಳು ಅಮ್ಮ. "ಅದನ್ನ ಹಾಗೆ ನೋಡ್ತಾ ಕೂತ್ರೆ ಮರಿಯಾಗಿ ಎದ್ದು ಹೋಗುತ್ತೆ."

ಅವನು ತಿನ್ನತೊಡಗಿದ. ಹನ್ನೊಂದು ದಿನದಿಂದ ಅವನ ಫೋನಿನಲ್ಲಿ ಮೂರು ಅಂಗಡಿಗಳ ಪುಟಗಳು ತೆರೆದೇ ಇದ್ದವು. ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಅವಸರದಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದ ಹೆಂಡತಿ ಬಗ್ಗಿ ಪರದೆ ನೋಡಿದಳು.

"ಇದೇನ್ರೀ, ಒಂದು ಮೀಟರಿನ ಬೆಲೆನಾ, ಕಿಲೋಮೀಟರಿಂದಾ?"

"ಒಂದೂವರೆ ಮೀಟರು."

"ವಾಷಿಂಗ್ ಮೆಷಿನ್ನಿಗೆ ಅಂತ ಎತ್ತಿಟ್ಟಿದ್ದರಲ್ಲಿ ಅರ್ಧ ಹೋಯ್ತು. ಹೋಗ್ಲಿ ಬಿಡಿ, ಇನ್ನೊಂದು ವರ್ಷ ನಾನೇ ಒಗೀತೀನಿ. ನೀವು ಕಿವಿಗೆ ಬೆಳ್ಳಿ ಹಾಕ್ಕೊಳ್ಳಿ."

"ನಾನೂ ಒಗೀತೀನಲ್ಲ."

"ಭಾನುವಾರ ನಿಮ್ಮ ಎರಡು ಷರ್ಟು. ನೋಡಿದೀನಿ."

ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ಕಣ್ಣೆತ್ತಿದರು. "ಯಾವುದಕ್ಕೆ ಬೆಳ್ಳಿ?"

ಅವನು ಹೇಳಬೇಕಾಯಿತು. ಅವನ ಕೆಲಸ ಕೇಳುವುದು. ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಮಾರುವ ಒಂದು ಕಂಪನಿ. ಓದುವವರು ಸ್ಟುಡಿಯೋದಲ್ಲಿ ಓದಿದ್ದನ್ನು ಅವನು ಮನೆಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಕೇಳಿ, ಎಲ್ಲಿ ಉಸಿರು ಜೋರಾಯಿತು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಲ್ಲಿ ಸಾಲು ತಪ್ಪಿತು ಎಂದು ನಿಮಿಷ ಸೆಕೆಂಡು ಸಮೇತ ಬರೆದು ಕಳಿಸಬೇಕು. ಅದಕ್ಕಾಗಿ ಮೂರು ವರ್ಷದ ಹಿಂದೆ ದುಬಾರಿಯ ಹೆಡ್‌ಫೋನು ಕೊಂಡಿದ್ದ. ಆಗಲೂ ಮನೆಯಲ್ಲಿ ಒಂದು ವಾರ ಯಾರೂ ಅವನನ್ನು ಇನ್ನೊಂದು ತುತ್ತು ಬೇಕಾ ಎಂದು ಕೇಳಿರಲಿಲ್ಲ. ಈಗ ಅದರ ತಂತಿ ಎಡಗಡೆಗೆ ಕರಕರ ಅನ್ನುತ್ತಿತ್ತು. ತಯಾರಿಸಿದವರು ಆ ಮಾದರಿಯನ್ನೇ ನಿಲ್ಲಿಸಿದ್ದರಿಂದ ಬೇರೆಯವರು ಮಾಡಿದ ತಂತಿ ಹುಡುಕಬೇಕಿತ್ತು.

"ಏನಂತಾರೆ ಮಾರೋರು?" ಅಪ್ಪ ಕೇಳಿದರು.

"ಎಂಟೆಳೆ ಹೆಣಿಗೆ, ಬೆಳ್ಳಿ ಲೇಪ. ದನಿಗೆ ಗಾಳಿ ಬರುತ್ತೆ ಅಂತಾರೆ."

"ಗಾಳಿ! ನಾನು ಮೂವತ್ತೆಂಟು ವರ್ಷ ಗುಂಡಿಯೊಳಗೆ ಕೂತು ಗಾಳಿ, ನೀರು ಒಳಗೆ ಹೋಗ್ದಿರೋ ಹಾಗೆ ಜೋಡಿಸಿದೀನಿ. ಈಗ ದುಡ್ಡು ಕೊಟ್ಟು ಗಾಳಿ ತುಂಬಿಸ್ಕೋತಾರಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ದೂರವಾಣಿ ಇಲಾಖೆಯಲ್ಲಿ ಕೇಬಲ್ ಜಾಯಿಂಟರ್ ಆಗಿದ್ದವರು. ರಸ್ತೆ ಬದಿಯ ಗುಂಡಿಯಲ್ಲಿ, ಟಾರ್ಪಾಲಿನ ಕೆಳಗೆ, ನೂರಾರು ಜೋಡಿ ತಂತಿಗಳನ್ನು ಒಂದೊಂದಾಗಿ ಬೆಸೆದು ಮುಚ್ಚುವ ಕೆಲಸ. ಮನೆ ಮನೆಯ ಫೋನುಗಳು ಹೋದಮೇಲೆ ಆ ಕೇಬಲ್ಲುಗಳನ್ನು ಕಿತ್ತು ತೂಕಕ್ಕೆ ಹಾಕಿದರು. ನಿವೃತ್ತಿಯಾಗಿ ಎಂಟು ವರ್ಷವಾಗಿತ್ತು. ಬೀದಿಯವರು ಈಗಲೂ ಜಾಯಿಂಟರ್ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಅವರು ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ಕೋಣೆಯಿಂದ ಕೋಣೆಗೆ ಹೋಗಿ, ಯಾರೂ ಇಲ್ಲದ ಕಡೆ ಸ್ವಿಚ್ಚು ಆರಿಸಿ, ಆರಿಸಿದ್ದನ್ನು ಗಟ್ಟಿಯಾಗಿ ಹೇಳುವುದು.

"ಆ ಹಳೇ ತಂತಿ ಕೊಡಿಲ್ಲಿ," ಅಂದರು.

"ಬೇಡಪ್ಪಾ. ಇದು ಫೋನಿನ ತಂತಿ ಅಲ್ಲ."

"ಅದರೊಳಗೆ ಹರಿಯೋದು ಮಾತೇ ತಾನೆ? ಸೀಮೆಎಣ್ಣೆ ಅಲ್ವಲ್ಲ?"

ಆ ವಾರ ಅವನು ಆಫೀಸಿಗೆ ಹೋದಾಗ ಸ್ಟುಡಿಯೋದ ಮೇಡಂ ತಮ್ಮ ಕೋಣೆಗೆ ಕರೆದರು. ಅವನು ಕಳಿಸಿದ ಎರಡು ವರದಿಗಳು ಮೇಜಿನ ಮೇಲಿದ್ದವು.

"ಹದಿನಾಲ್ಕು ನಿಮಿಷದ ಭಾಗದಲ್ಲಿ ಒಂಬತ್ತು ಕಡೆ 'ಕರಕರ' ಅಂತ ಬರೆದಿದೀರಿ. ಓದಿದ ಹಿರಿಯರನ್ನ ಮತ್ತೆ ಕರೆಸಿ, ನೆಗಡೀಲಿ ಓದಿಸಿದೆ. ಆಮೇಲೆ ನಾನೇ ಕೇಳಿದೆ. ಮೊದಲಿಂದು ಶುದ್ಧವಾಗಿತ್ತು."

"ನನ್ನ ತಂತಿ ಮೇಡಂ. ಬದಲಾಯಿಸ್ತಿದೀನಿ."

"ಎಷ್ಟು ದಿನದಿಂದ ಬದಲಾಯಿಸ್ತಿದೀರಿ?"

ಅವನು ಮೇಜಿನ ಮೇಲಿನ ವರದಿಗಳ ಅಂಚು ಸಮಮಾಡಿದ.

"ನೋಡಿ, ನಿಮ್ಮ ಕಿವಿ ಮೇಲೆ ನನಗೆ ಸಂಶಯ ಇಲ್ಲ. ತಿಂಗಳ ಕೊನೆಗೆ ಮೂವತ್ತು ಗಂಟೆಯ ಒಂದು ಪುಸ್ತಕ ಬರುತ್ತೆ. ಅಷ್ಟರಲ್ಲಿ ಸರಿ ಮಾಡ್ಕೊಳ್ಳಿ, ನಿಮಗೇ ಕೊಡ್ತೀನಿ, ಕೆಲಸಾನೂ ಖಾಯಂ ಮಾಡಿಸ್ತೀನಿ. ಇಲ್ಲಾಂದ್ರೆ ಇನ್ನೊಬ್ಬರನ್ನ ನೋಡ್ಕೋಬೇಕಾಗುತ್ತೆ."

ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಪೇಪರು ಹಾಸಿತ್ತು. ಅದರ ಮೇಲೆ ಅವನ ಹಳೆಯ ತಂತಿ, ಹೊಟ್ಟೆ ಸೀಳಿದ ಮೀನಿನಂತೆ ಬಿದ್ದಿತ್ತು. ಅಪ್ಪ ತಂತಿ ಪರೀಕ್ಷಿಸುವ ಮೀಟರಿನ ಮುಳ್ಳುಗಳನ್ನು ಅದಕ್ಕೆ ಚುಚ್ಚಿ ಕುಂಯ್ ಕುಂಯ್ ಅನ್ನಿಸುತ್ತಿದ್ದರು.

"ನನ್ನ ಕೇಳದೆ ಕೊಯ್ದ್ರಾ?"

"ಕೇಳಿದ್ರೆ ನೀನು ಕೊಡ್ತಿದ್ದೆಯಾ? ನೋಡು, ಇಲ್ಲೇ ಮುರಿದಿದೆ, ಬುಡದ ಹತ್ರ. ಒಳಗೆ ತಂತಿ ಅಲ್ಲ ಅದು, ಜೇಡರ ಬಲೆ. ಇದನ್ನ ಜೋಡಿಸಿ ಪ್ರಯೋಜನ ಇಲ್ಲ. ಹೊಸದೇ ಮಾಡ್ತೀನಿ."

"ಮಾಡೋದಾ?"

"ಯಾಕೆ? ಎಡಕ್ಕೆ ಒಂದು ಜೋಡಿ, ಬಲಕ್ಕೆ ಒಂದು ಜೋಡಿ. ನಾಲ್ಕೆಳೆ. ನಾನು ಸಾವಿರದಿನ್ನೂರು ಜೋಡೀದು ಎರಡು ದಿನದಲ್ಲಿ ಮುಗಿಸಿದೋನು."

ಅವನು ಹೆಂಡತಿಯ ಕಡೆ ನೋಡಿದ. ಅವಳು ಆಲೂಗಡ್ಡೆ ಸುಲಿಯುತ್ತ, ಚಾಕು ನಿಲ್ಲಿಸದೆ ತೀರ್ಪು ಕೊಟ್ಟಳು. "ಮಾವ ಮಾಡ್ಲಿ. ಸರಿ ಬರಲಿಲ್ಲಾಂದ್ರೆ ನೀವು ಆ ಬೆಳ್ಳೀದನ್ನೇ ತಗೊಳ್ಳಿ. ನಾನು ಒಂದು ಮಾತು ಆಡಿದ್ರೆ ಕೇಳಿ."

"ಆಡ್ತೀಯ," ಅಂದಳು ಅಮ್ಮ ಒಳಗಿನಿಂದ.

"ಆಡ್ತೀನಿ ಅತ್ತೆ, ಆದ್ರೆ ಮೆತ್ತಗೆ."

ಮೊದಲ ವಾರ ಅಪ್ಪ ಕಪಾಟಿನ ತಳದಿಂದ ಇಲಾಖೆಯ ಹಳೆಯ ತಂತಿ ತೆಗೆದು ಹೆಣೆದರು. ಎರಡು ತಂತಿಗಳನ್ನು ಯಾಕೆ ಒಂದಕ್ಕೊಂದು ಸುತ್ತಬೇಕು ಎಂಬುದನ್ನು ಎಲ್ಲರಿಗೂ ಹೇಳಿದರು. ಸುತ್ತದಿದ್ದರೆ ಪಕ್ಕದ ಜೋಡಿಯ ಮಾತು ಈ ಜೋಡಿಗೆ ಸೋರುತ್ತದೆ. ಗಂಡ ಹೆಂಡತಿ ಜಗಳ ಬೀದಿಯವರಿಗೆಲ್ಲ ಕೇಳುತ್ತದೆ.

"ಈ ಮನೇದು ಸುತ್ತಿದ್ರೂ ಕೇಳುತ್ತೆ," ಅಂದಳು ಅಮ್ಮ.

ಆ ತಂತಿ ಒಂಟಿ ಕಡ್ಡಿಯದು. ಹೆಡ್‌ಫೋನಿಗೆ ಹಾಕಿದರೆ ಹೆಗಲ ಮೇಲೆ ಬಟ್ಟೆ ನೇತುಹಾಕುವ ಹ್ಯಾಂಗರಿನಂತೆ ನೆಟ್ಟಗೆ ನಿಂತಿತು. ಅವನು ತಲೆ ತಿರುಗಿಸಿದಾಗ ಮೇಜಿನ ಮೇಲಿದ್ದ ಚಹಾದ ಲೋಟವನ್ನು ಕೆಡವಿತು. ಅಪ್ಪ ಅದನ್ನು ಬಿಚ್ಚಿದರು. ಮರುದಿನ ಬಸ್ಸು ಹತ್ತಿ ತಂತಿ ಸಾಮಾನಿನ ಬೀದಿಗೆ ಹೋಗಿ, ಕೂದಲಿನಂತಹ ಎಳೆಗಳ ನುಣುಪು ತಾಮ್ರದ ತಂತಿ ಹುಡುಕಿ ತಂದರು. ಒಂದೇ ಬಣ್ಣದ್ದು ಸಿಕ್ಕಿತ್ತು. ಎಡ ಜೋಡಿ ಯಾವುದು, ಬಲ ಜೋಡಿ ಯಾವುದು ಎಂದು ತಿಳಿಯಲು ಎಡದ್ದರ ತುದಿಗೆ ಒಂದು ಗಂಟು ಹಾಕಿಕೊಂಡರು.

ಪ್ಲಗ್ಗುಗಳನ್ನು ಅವನೇ ತಂದುಕೊಟ್ಟ. ಎರಡು ಕಿವಿಗಳಿಗೂ ಬೇರೆ ಬೇರೆ ಪ್ಲಗ್ಗು, ಕಡಲೆಯಷ್ಟು. ಒಂದೊಂದರಲ್ಲೂ ಎರಡೆರಡು ಪಿನ್ನು. ಒಂದನ್ನು ಅಂಗೈಮೇಲಿಟ್ಟುಕೊಂಡು ಅಪ್ಪ ಬೆಳಕಿಗೆ ಹಿಡಿದರು.

"ಇದಕ್ಕೆ ಕೈ ಬೇಡ, ಇರುವೆ ಬೇಕು."

ಹೆಂಡತಿ ಔಷಧಿ ಅಂಗಡಿಯಿಂದ ಚೀಟಿಯ ಸಣ್ಣಕ್ಷರ ಓದುವ ಭೂತಗನ್ನಡಿ ತಂದಳು. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು, ಅದನ್ನು ಹಿಡಿದು ಮಾವನ ಎದುರು ಕೂರುವಳು. ಅಪ್ಪ ಉಸಿರು ಬಿಗಿಹಿಡಿದು ಬೆಸುಗೆ ಇಡುವರು. ಹೊಗೆ ಎದ್ದಾಗ ಇಬ್ಬರೂ ಒಟ್ಟಿಗೆ ಕೆಮ್ಮುವರು. ಬಟ್ಟೆ ರಿಪೇರಿಯ ಹೊಲಿಗೆ ಮಾಡುತ್ತಿದ್ದ ಅಮ್ಮ, ಯಾರದೋ ಕೋಟಿನಿಂದ ಉಳಿದ ಕಪ್ಪು ಲೈನಿಂಗ್ ಬಟ್ಟೆಯನ್ನು ಬೆರಳಗಲ ಕತ್ತರಿಸಿ, ಒಂದೂವರೆ ಮೀಟರು ಉದ್ದದ ಕೊಳವೆ ಹೊಲಿದು ತಂತಿಗೆ ತೊಡಿಸಿದಳು. ಹೊಲಿಗೆ ಮಷಿನ್ನು ಸದ್ದು ಮಾಡಿದಾಗಲೆಲ್ಲ ಅವನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಈ ಸಲ ತೆರೆದಿಟ್ಟ.

ಊಟದ ಮೇಜನ್ನು ತಂತಿ ಆಕ್ರಮಿಸಿದ್ದರಿಂದ ಹತ್ತು ದಿನ ಎಲ್ಲರೂ ತಟ್ಟೆ ಕೈಯಲ್ಲಿ ಹಿಡಿದೇ ಉಂಡರು. ಸ್ವಿಚ್ಚುಗಳನ್ನು ಯಾರೂ ಆರಿಸಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಂತಿ ಮುಗಿಯಿತು. ಅಪ್ಪ ಮೀಟರು ಹಿಡಿದು ನಾಲ್ಕೂ ಎಳೆಗಳನ್ನು ಕುಂಯ್ ಅನ್ನಿಸಿ, "ನಾಲ್ಕೂ ಮಾತಾಡ್ತಿವೆ," ಅಂದರು. ಅವನು ಪ್ಲಗ್ಗುಗಳನ್ನು ಚುಚ್ಚಿ ಹೆಡ್‌ಫೋನು ಹಾಕಿಕೊಂಡ. ಅಮ್ಮ ಮಷಿನ್ನು ನಿಲ್ಲಿಸಿದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

ಅವನು ಹಾಕಿದ್ದು ದಿನಾ ಕೇಳುವ ಒಬ್ಬ ಹೆಂಗಸಿನ ಓದು. ಆ ದನಿ ಯಾವಾಗಲೂ ಎರಡು ಹುಬ್ಬುಗಳ ನಡುವೆ, ಒಂದು ಮೊಳ ಮುಂದೆ ನಿಂತು ಮಾತಾಡುತ್ತಿತ್ತು. ಈಗ ಅಲ್ಲಿ ಯಾರೂ ಇರಲಿಲ್ಲ. ದನಿ ಎರಡು ಪಕ್ಕಕ್ಕೂ ಹರಿದುಹೋಗಿತ್ತು. ತಲೆಯ ಹಿಂದೆ ಎಲ್ಲೋ ಖಾಲಿ ಡಬ್ಬದೊಳಗಿಂದ ಬಂದಂತೆ ಕೇಳುತ್ತಿತ್ತು. ಕರಕರ ಮಾತ್ರ ಇರಲಿಲ್ಲ. ಅರ್ಧ ನಿಮಿಷದಲ್ಲಿ ಅವನಿಗೆ ತಿಳಿಯಿತು. ಒಂದು ಕಡೆಯ ಜೋಡಿಯಲ್ಲಿ ಎರಡು ಎಳೆಗಳು ಅದಲುಬದಲಾಗಿದ್ದವು. ಒಂದು ಕಿವಿ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು.

"ಹ್ಞೂಂ?" ಅಂದರು ಅಪ್ಪ.

"ಅಪ್ಪಾ, ಈ ಜೋಡಿಯೊಳಗೆ ಯಾವ ಎಳೆ ಯಾವ ಪಿನ್ನಿಗೆ ಅಂತ ನೋಡಿ ಹಾಕಿದ್ರಾ?"

"ಜೋಡಿಯಲ್ಲಿ ಅದೆಲ್ಲ ಏನಿಲ್ಲ. ಫೋನಲ್ಲಿ ಎರಡನ್ನ ತಿರುಗಿಸಿ ಹಾಕು, ಮಾತು ಮಾತೇ. ಜೋಡಿ ಕೂಡಿದ್ರೆ ಆಯ್ತು, ಬೆಸುಗೆ ಗಟ್ಟಿಯಿದ್ರೆ ಆಯ್ತು. ಯಾಕೆ, ಕರಕರ ಅನ್ನುತ್ತಾ?"

ಅಪ್ಪನ ಬಲಗೈಯ ಹೆಬ್ಬೆರಳಿನಲ್ಲಿ ಸುಟ್ಟ ಬೊಬ್ಬೆ ಇತ್ತು. ಹೆಂಡತಿಯ ಕೈಯಲ್ಲಿ ಇನ್ನೂ ಭೂತಗನ್ನಡಿ ಇತ್ತು.

"ಇಲ್ಲ. ಕರಕರ ಇಲ್ಲ."

"ಅಷ್ಟೇನಾ?" ಅಂದಳು ಅಮ್ಮ. "ಚೆನ್ನಾಗಿದೆ ಅನ್ನೋಕೆ ನಿನಗೇನು ಬಾಯಿ ನೋವಾ?"

"ಚೆನ್ನಾಗಿದೆ."

ಅಪ್ಪ ಎದ್ದು ಕೈ ತೊಳೆಯಲು ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

ಕೋಣೆಗೆ ಹೋಗಿ ಅವನು ಎಡಗಡೆಯ ಪ್ಲಗ್ಗನ್ನು ಕಿತ್ತು, ತಲೆಕೆಳಗಾಗಿ ತಿರುಗಿಸಿ ಮತ್ತೆ ಚುಚ್ಚಿದ. ಅವನ ಹೆಡ್‌ಫೋನಿನಲ್ಲಿ ಎರಡು ಪಿನ್ನುಗಳೂ ಒಂದೇ ದಪ್ಪ. ಹೇಗೆ ಚುಚ್ಚಿದರೂ ಹೋಗುತ್ತಿತ್ತು. ಓದುವ ಹೆಂಗಸು ಹುಬ್ಬುಗಳ ನಡುವೆ ಬಂದು ನಿಂತಳು. ಮೊದಲಿಗಿಂತ ಸ್ಪಷ್ಟವಾಗಿ, ಅವಳು ಸಾಲಿನ ಕೊನೆಗೆ ನಾಲಿಗೆ ಒದ್ದೆ ಮಾಡಿಕೊಳ್ಳುವುದು ಸಹ ಕೇಳಿತು. ತಿರುಗಿಸಿದ್ದು ನೆನಪಿರಲಿ ಎಂದು ಪ್ಲಗ್ಗಿನ ಬುಡಕ್ಕೆ ಅಮ್ಮನ ಡಬ್ಬಿಯಿಂದ ಬಿಳಿ ದಾರದ ಒಂದು ಚೂರು ಕಟ್ಟಿದ.

ತಿಂಗಳ ಕೊನೆಗೆ ಮೂವತ್ತು ಗಂಟೆಯ ಪುಸ್ತಕ ಅವನಿಗೇ ಬಂತು. ಹೆಂಡತಿ ವಾಷಿಂಗ್ ಮೆಷಿನ್ನಿನ ಅಂಗಡಿಗೆ ಹೋಗಿ ಬಾಗಿಲು ಮುಂದಿನದೋ ಮೇಲಿನದೋ ಎಂದು ಹನ್ನೊಂದು ದಿನ ಅಲ್ಲ, ಹನ್ನೊಂದು ನಿಮಿಷದಲ್ಲಿ ತೀರ್ಮಾನಿಸಿ ಬಂದಳು; ದುಡ್ಡು ಕಟ್ಟುವುದೊಂದು ಉಳಿಯಿತು. ಅಪ್ಪ ಈಗ ಗಡ್ಡ ಬೋಳಿಸಿಕೊಂಡು ಬೆಳಗ್ಗೆಯೇ ತಯಾರಾಗುತ್ತಿದ್ದರು. ಹೊರಗೆ ಹೋಗುವುದೇನೂ ಇರುತ್ತಿರಲಿಲ್ಲ.

ಆಫೀಸಿನಲ್ಲಿ ಮೇಡಂ ಕಪ್ಪು ಬಟ್ಟೆಯ ತಂತಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಎಲ್ಲಿ ತಗೊಂಡ್ರಿ?"

"ನಮ್ಮ ತಂದೆ ಮಾಡಿದ್ದು."

"ನನಗೂ ಒಂದು ಮಾಡಿಕೊಡ್ತಾರಾ ಕೇಳಿ. ಇನ್ನೂ ಐದಾರು ಜನ ಕೇಳ್ತಿದ್ರು."

ಇದನ್ನು ಮನೆಯಲ್ಲಿ ಹೇಳಬಾರದು ಎಂದುಕೊಂಡಿದ್ದ. ಆದರೆ ಹೆಂಡತಿಯ ಔಷಧಿ ಅಂಗಡಿ ಸ್ಟುಡಿಯೋದ ಬೀದಿಯಲ್ಲೇ ಇತ್ತು; ಮೇಡಂ ಕೆಮ್ಮಿನ ಔಷಧಿ ಕೊಳ್ಳಲು ಬಂದಾಗ ಅವಳಿಗೇ ನೇರವಾಗಿ ಹೇಳಿಬಿಟ್ಟರು. ಅವಳು ಪ್ಲಗ್ಗುಗಳನ್ನೂ ಅವರ ಕೈಯಿಂದಲೇ ಇಸಿದುಕೊಂಡು ಬಂದಳು.

"ಮೇಡಮ್ಮಿಂದು ನಾನೂ ಜೊತೇಲಿ ಕೂತು ಮಾಡ್ತೀನಿ ಅಪ್ಪಾ," ಅಂದ ಅವನು. "ಶನಿವಾರ ಬಿಡುವಿದೆ."

"ನೀನಾ? ಚಿಕ್ಕೋನಿದ್ದಾಗ ಇಕ್ಕಳ ಹಿಡಿ ಅಂದ್ರೆ ಓಡ್ತಿದ್ದೆ." ಅಪ್ಪನಿಗೆ ಖುಷಿಯಾಗಿತ್ತು. "ಆಗ್ಲಿ, ಶನಿವಾರ."

ಶನಿವಾರದವರೆಗೆ ಅಪ್ಪ ಕಾಯಲಿಲ್ಲ. ಗುರುವಾರ ಊಟಕ್ಕೆ ಕೂತಾಗ ಮೇಜಿನ ಮೇಲೆ ಏನೂ ಇರಲಿಲ್ಲ, ಒರೆಸಿ ಸ್ವಚ್ಛವಾಗಿತ್ತು.

"ಮುಗಿಸಿಬಿಟ್ಟೆ," ಅಂದರು ಅಪ್ಪ. "ನಿನ್ನ ಕಾಯ್ತಾ ಕೂತ್ರೆ ಆಗಲ್ಲ. ಇವಳು ಬೆಳಗ್ಗೆ ಕೊಟ್ಟೂ ಬಂದಳು."

"ಮೇಡಂ ಎಷ್ಟು ಖುಷಿಪಟ್ರು ಗೊತ್ತಾ!" ಅಂದಳು ಹೆಂಡತಿ.

ಅವನು ಅನ್ನ ಕಲಸುತ್ತಲೇ ಇದ್ದ. ಅಮ್ಮ ಎರಡು ಸಲ ನೀರು ಬೇಕಾ ಎಂದು ಕೇಳಿದಳು.

ಮರುದಿನ ಮೇಡಂ ತಮ್ಮ ಹೆಡ್‌ಫೋನನ್ನು ಅವನ ಕೈಗೆ ಕೊಟ್ಟರು. ಅವನು ಹಾಕಿಕೊಂಡ. ಖಾಲಿ ಡಬ್ಬ. ಮೇಡಂ ಅವರದರಲ್ಲಿ ಒಂದು ಪಿನ್ನು ದಪ್ಪ, ಒಂದು ಸಣ್ಣ, ತಿರುಗಿಸಿ ಚುಚ್ಚುವಂತಿರಲಿಲ್ಲ.

"ನಿಮ್ಮದೂ ಹೀಗೇ ಇದೆಯಾ?" ಮೇಡಂ ಕೇಳಿದರು. "ಹೀಗಿದ್ರೆ ಆ ಮೂವತ್ತು ಗಂಟೇನ ನಾನು ಹೇಗೆ ನಂಬಲಿ?"

"ನನ್ನದು ಸರಿಯಿದೆ ಮೇಡಂ. ಎಡಗಡೇದು ತಿರುಗಿಸಿ ಹಾಕ್ಕೊಂಡಿದೀನಿ." ಅವನು ಬಿಳಿ ದಾರ ತೋರಿಸಿದ.

"ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಿಮ್ಮ ತಂದೆಗೆ?"

"ಹೇಳಿಲ್ಲ."

ಮೇಡಂ ಕುರ್ಚಿಗೆ ಒರಗಿದರು. "ನಿಮ್ಮ ಕೆಲಸ ಏನು ಹೇಳಿ? ತಪ್ಪು ಕಿವಿಗೆ ಬಿದ್ದ ಕೂಡಲೇ ಬರೆದು ಕೊಡೋದು. ಮುಖ ಸಹ ನೋಡದಿರೋರಿಗೆ 'ನಿಮ್ಮ ಹಲ್ಲು ಕಚ್ಚೋದು ಕೇಳ್ತಿದೆ' ಅಂತ ಬರೀತೀರಿ. ಎರಡು ಎಳೆ ಬದಲಾಗಿದೆ ಅಂತ ಮನೇಲಿ ಹೇಳಕ್ಕಾಗಲ್ವ? ಐದು ನಿಮಿಷದ ಕೆಲಸ. ನಾನು ಹೇಳ್ಲಾ?"

"ಬೇಡ ಮೇಡಂ. ನಾನೇ ಹೇಳ್ತೀನಿ."

ಬಸ್ಸಿನಲ್ಲಿ ಬರುವಾಗ ವಾಕ್ಯ ಸಿದ್ಧ ಮಾಡಿಕೊಂಡ. ಬೆಸುಗೆ ಗಟ್ಟಿಯಾಗಿದೆ ಅಪ್ಪಾ, ಎಳೆ ಮಾತ್ರ ಅದಲುಬದಲು. ಎಂಟು ಪದ ಸಹ ಇರಲಿಲ್ಲ. ಮನೆಯಲ್ಲಿ ಅಪ್ಪ ಮೇಜಿಗೆ ಪೇಪರು ಹಾಸಿ, ಐದು ಜನರ ತಂತಿಗೆ ಎಳೆಗಳನ್ನು ಅಳೆದು ಕತ್ತರಿಸಿ ಸಾಲಾಗಿ ಜೋಡಿಸಿಟ್ಟಿದ್ದರು. ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಒಬ್ಬರು ಬಂದು ಕೂತಿದ್ದರು. ಅಪ್ಪ ಅವರಿಗೆ ಭೂತಗನ್ನಡಿ ಹಿಡಿದು ಪಿನ್ನು ತೋರಿಸುತ್ತಿದ್ದರು.

"ಬಾ ಬಾ. ಏನಂದ್ರು ನಿಮ್ಮ ಮೇಡಂ?"

ಅವನು ಚೀಲದಿಂದ ಮೇಡಂ ಕೊಟ್ಟು ಕಳಿಸಿದ ತಂತಿ ತೆಗೆದ. ಲೈನ್‌ಮನ್ ಅವನನ್ನೇ ನೋಡುತ್ತಿದ್ದರು.

"ಎಡಗಡೆ ಪಿನ್ನು ಸ್ವಲ್ಪ ಸಡಿಲ ಇದೆಯಂತೆ."

"ಸಡಿಲ?"

"ಸ್ವಲ್ಪ. ನಾನೇ ಸರಿಮಾಡ್ಕೊಂಡು ಕೊಡ್ತೀನಿ, ಬಿಡಿ."

ತಂತಿಯನ್ನು ತನ್ನ ಕೋಣೆಗೆ ತೆಗೆದುಕೊಂಡು ಹೋಗಿ, ಎಳೆ ಬದಲಾಯಿಸಿ ಕೊಟ್ಟರೆ ಮುಗಿಯಿತು ಎಂದು ಅವನು ಎಣಿಸಿದ್ದ. ಅಪ್ಪ ಕೈ ಚಾಚಿದರು. "ಕೊಡಿಲ್ಲಿ."

"ಆಮೇಲೆ ನೋಡಿದ್ರಾಯ್ತು ಅಪ್ಪಾ."

"ಕೊಡು ಅಂದೆ. ನನ್ನ ಬೆಸುಗೆ ಸಡಿಲ ಅಂತ ಇವತ್ತಿನವರೆಗೆ ಒಬ್ಬ ಇಂಜಿನಿಯರೂ ಬರೆದಿಲ್ಲ. ಇವರನ್ನೇ ಕೇಳು."

"ಬರೆದಿಲ್ಲ," ಅಂದರು ಲೈನ್‌ಮನ್. "ಪ್ರವಾಹ ಬಂದು ರಸ್ತೆನೇ ಕೊಚ್ಚಿ ಹೋದಾಗ್ಲೂ ಇವನು ಹಾಕಿದ ಜಾಯಿಂಟು ನಿಂತಿತ್ತು."

ಅಪ್ಪ ಪ್ಲಗ್ಗಿನ ಮುಚ್ಚಳ ಬಿಚ್ಚಿ, ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದರು. ಬೆರಳಲ್ಲಿ ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಇಕ್ಕಳ ತೆಗೆದುಕೊಂಡು, ಗುಂಡಿಯಲ್ಲಿ ಕೂತು ದಪ್ಪ ಕೇಬಲ್ಲಿನ ಜಾಯಿಂಟನ್ನು ಪರೀಕ್ಷಿಸುತ್ತಿದ್ದ ಹಾಗೆ, ಎಳೆಯನ್ನು ಹಿಡಿದು ಜಗ್ಗಿದರು. ಕೂದಲಿನಂತಹ ತಾಮ್ರ ಪಟ್ಟನೆ ಕಿತ್ತು ಬಂತು.

ಲೈನ್‌ಮನ್ ಚಹಾದ ಲೋಟ ಎತ್ತಿಕೊಂಡರು.

"ಹೌದು," ಅಂದರು ಅಪ್ಪ. "ಬಂತು ನೋಡು."

"ಅಷ್ಟು ಜಗ್ಗಿದ್ರೆ ಯಾವುದು ಬರಲ್ಲ ಅಪ್ಪಾ..."

"ಬರಬಾರದು. ಜಗ್ಗಿದ್ರೂ ಬರದಿರೋದಕ್ಕೇ ಬೆಸುಗೆ ಅನ್ನೋದು." ಇಕ್ಕಳವನ್ನು ಮೇಜಿನ ಮೇಲಿಟ್ಟರು. ಲೈನ್‌ಮನ್ ಚಹಾ ಮುಗಿಸಿ, ಮೊಮ್ಮಗಳನ್ನು ಕರೆತರಬೇಕು ಎಂದು ಎದ್ದು ಹೋದರು.

ಮರುದಿನ ಬೆಳಗ್ಗೆ ಮೇಜು ಖಾಲಿಯಿತ್ತು. ಅಳೆದು ಕತ್ತರಿಸಿದ್ದ ಎಳೆಗಳೂ ಮೀಟರೂ ಕಪಾಟಿನ ತಳ ಸೇರಿದ್ದವು. "ಉಳಿದ ಐದು ಜನಕ್ಕೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳು," ಅಂದರು ಅಪ್ಪ. "ಕೈ ನಿಲ್ತಿಲ್ಲ."

"ಬೆಂಕಿಪೆಟ್ಟಿಗೆ ಕಡ್ಡಿ ನಡುಗದ ಹಾಗೆ ಗೀರ್ತೀರಿ, ಕೈ ನಿಲ್ತಿಲ್ವಂತೆ," ಅಂದಳು ಅಮ್ಮ. "ನಾನು ಹೊಲಿದ ಬಟ್ಟೆ ಏನಾಗಿತ್ತು ಅದಕ್ಕೆ? ಅದೂ ಸಡಿಲವಾ?"

ಅಪ್ಪ ಮಗನನ್ನು ಕರೆದರು. "ಆ ಅಂಗಡೀದು ತೋರಿಸು. ಎರಡಿತ್ತಲ್ಲ."

"ಈಗ ಯಾಕೆ? ನನ್ನದು ಚೆನ್ನಾಗೇ ಇದೆ."

"ಇವತ್ತು ಇದೆ. ಮೂವತ್ತು ಗಂಟೆ ಪುಸ್ತಕದ ನಡುವೆ ಕೈಕೊಟ್ರೆ? ನನ್ನ ಕೈಯಿಂದ ನಿನ್ನ ಕೆಲಸ ಹೋಗೋದು ಬೇಡ."

ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ಅವರು ಎರಡನ್ನೂ ಪೂರ್ತಿ ಓದಿದರು. "ತಾಮ್ರದ್ದು ತಗೋ," ಅಂದರು. "ಬೆಳ್ಳಿ ಬರೀ ಶೋಕಿ." ಹೆಂಡತಿ ಒಂದು ಮಾತೂ ಆಡಲಿಲ್ಲ. ಮೆತ್ತಗೂ ಆಡಲಿಲ್ಲ.

ಮಧ್ಯಾಹ್ನ ಬಟ್ಟೆ ಹಿಂಡಿಕೊಡುವಾಗ ಅವಳು ಅವನನ್ನು ತಡೆದಳು. "ಅದು ಸಡಿಲ ಇರಲಿಲ್ಲ ರೀ. ಭೂತಗನ್ನಡಿ ಹಿಡಿದಿದ್ದು ನಾನು. ನಿಜ ಏನು ಹೇಳಿ."

ಅವನು ಹೇಳಿದ. ಅವಳು ಒದ್ದೆ ದುಪ್ಪಟಿಯ ಇನ್ನೊಂದು ತುದಿ ಹಿಡಿದುಕೊಂಡು ಕೇಳಿದಳು.

"ಇಷ್ಟೇನಾ? ಇಷ್ಟಕ್ಕೆ ಅವರ ಕೈನೇ ಸರಿಯಿಲ್ಲ ಅಂತ ನಂಬಿಸಿದ್ರಾ? ಗೊತ್ತಿರಲಿಲ್ಲ ಅಂದ್ರೆ ಕಲೀತಿದ್ರು. ಹೋಗಿ ಹೇಳಿ. ಈಗಲೇ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾಳೆ ಅಂದ್ಕೋತಾರೆ. ನಿಮ್ಮ ಬಾಯಿಂದಲೇ ಬರಬೇಕು."

ಅವನು ಹೋದ. ಅಪ್ಪ ಹಿತ್ತಿಲ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ; ಒಂದು ಕಾಳೂ ಕೆಳಗೆ ಬಿದ್ದಿರಲಿಲ್ಲ.

"ಅಪ್ಪಾ."

"ಏನು?"

ಮಡಿಲಲ್ಲಿದ್ದ ಬಟ್ಟಲನ್ನು ಅಪ್ಪ ಸರಿಸಿ, ಅವನು ಕೂರಲು ಜಾಗ ಮಾಡಿದರು. ಅವನು ಕೂತ. ಒಂದು ಬಟಾಣಿ ಕಾಯಿ ತೆಗೆದುಕೊಂಡು ಬಿಡಿಸಿದ. ಇನ್ನೊಂದು ಬಿಡಿಸಿದ. ಅಪ್ಪ ಕಾದರು.

"ಏನೋ ಹೇಳೋಕೆ ಬಂದೆ."

"ಚಹಾ ಮಾಡ್ತಿದೀನಿ. ನಿಮಗೂ ಮಾಡ್ಲಾ ಅಂತ."

"ಮಾಡು. ಸಕ್ಕರೆ ಕಮ್ಮಿ."

ತಾಮ್ರದ ತಂತಿ ಒಂಬತ್ತು ದಿನಕ್ಕೆ ಬಂತು. ಅವನು ಅದನ್ನು ಹಾಕಿಕೊಂಡು ಮೂವತ್ತು ಗಂಟೆಯ ಪುಸ್ತಕ ಮುಗಿಸಿದ; ಅದಕ್ಕೂ ಅಪ್ಪ ಮಾಡಿದ್ದಕ್ಕೂ ಅವನ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಕೆಲಸ ಖಾಯಂ ಆಯಿತು. ಎತ್ತಿಟ್ಟಿದ್ದ ದುಡ್ಡು ತಂತಿಗೆ ಹೋದದ್ದರಿಂದ ವಾಷಿಂಗ್ ಮೆಷಿನ್ನು ಮುಂದಿನ ವರ್ಷಕ್ಕೆ ಹೋಯಿತು. ಮೇಡಂ ಮತ್ತೆ ಒಮ್ಮೆ ಕೇಳಿದಾಗ, ತಂದೆ ಆ ಕೆಲಸ ಬಿಟ್ಟರು ಎಂದ. ಅಪ್ಪ ಕೋಣೆಯಿಂದ ಕೋಣೆಗೆ ಹೋಗಿ ಸ್ವಿಚ್ಚು ಆರಿಸುತ್ತಿದ್ದರು. ಕೈ ಹೇಗಿದೆ ಎಂದು ಲೈನ್‌ಮನ್ ಕೇಳಿದರೆ, ವಯಸ್ಸಾಯಿತಲ್ಲ ಅನ್ನುತ್ತಿದ್ದರು.

ಮೇಡಂಗೆ ಮಾಡಿಕೊಟ್ಟ ತಂತಿಯಲ್ಲಿ ಬೆಸುಗೆ ಗಟ್ಟಿಯಾಗಿಯೇ ಇತ್ತು. ಎರಡು ಎಳೆ ಅದಲುಬದಲಾಗಿದ್ದವು, ಅಷ್ಟೇ. ಇದನ್ನು ಅವನು ಅಪ್ಪನಿಗೆ ಹೇಳಲಿಲ್ಲ.